ಎಳೆಯ ಬಾಕ್ಸರ್‌ಗಳಿಗೆ ಭಾರದ ತರಬೇತಿ: ಎಲ್ಲಿಂದ ಆರಂಭಿಸಬೇಕು, ಎಷ್ಟಕ್ಕೆ ನಿಲ್ಲಿಸಬೇಕು

ಬಾಕ್ಸಿಂಗ್ ತೂಕದ ವರ್ಗಗಳ ಆಟ. ಎದುರಾಳಿಯೂ ಹೆಚ್ಚುಕಡಿಮೆ ನಮ್ಮಷ್ಟೇ ತೂಗುವಾಗ, ಅದೇ ತೂಕದೊಳಗೆ ಯಾರು ಹೆಚ್ಚು ಬಲವನ್ನು ಹೆಚ್ಚು ವೇಗವಾಗಿ ಹೊರಹಾಕಬಲ್ಲರೋ ಅವರ ಕೈ ಮೇಲಾಗುತ್ತದೆ. ಆದ್ದರಿಂದ ಎದೆ ಮತ್ತು ತೋಳುಗಳನ್ನು ದಪ್ಪವಾಗಿಸಲೆಂದು ಜಿಮ್‌ಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ಕ್ರಮ ಬಾಕ್ಸರ್‌ಗೆ ಅಷ್ಟಾಗಿ ಒಗ್ಗುವುದಿಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿಯವರು 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್‌ನಲ್ಲಿ, 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಸ್ನ್ಯಾಚ್ (ಭಾರವನ್ನು ಒಂದೇ ಎಳೆತಕ್ಕೆ ತಲೆಯ ಮೇಲಕ್ಕೆ ಎತ್ತುವುದು) ಮತ್ತು ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವುದು) ಎರಡೂ ಸೇರಿ 249 ಕೆ.ಜಿ. ಎತ್ತಿದ್ದರು. ಅಷ್ಟು ಚಿಕ್ಕ ದೇಹ ಅಷ್ಟು ಭಾರವನ್ನು ಎತ್ತುವುದು, ಕಾಲು, ಸೊಂಟ ಮತ್ತು ಬೆನ್ನು ಒಂದೇ ಕ್ಷಣದಲ್ಲಿ ಒಟ್ಟಾಗಿ ದುಡಿಯುವಂತೆ ವರ್ಷಗಟ್ಟಲೆ ಪಳಗಿಸಿದಾಗ ಮಾತ್ರ ಸಾಧ್ಯ. ಎಳೆಯ ಬಾಕ್ಸರ್ ಭಾರದ ತರಬೇತಿಯಿಂದ ಪಡೆಯಬೇಕಾದದ್ದೂ ಇದೇ ಪಳಗುವಿಕೆಯನ್ನು. ಈ ಬರಹ ಸುಮಾರು 13ರಿಂದ 18 ವರ್ಷದವರಿಗಾಗಿ, ಅವರ ಕೋಚ್‌ಗಳಿಗಾಗಿ ಮತ್ತು ಪಾಲಕರಿಗಾಗಿ.

ಪಾಲಕರ ಮೊದಲ ಪ್ರಶ್ನೆಯನ್ನು ಮೊದಲೇ ಮುಗಿಸೋಣ. ಭಾರ ಎತ್ತಿದರೆ ಮಕ್ಕಳು ಎತ್ತರ ಬೆಳೆಯುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಆದರೆ ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಉದ್ದ ಮೂಳೆಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪದರ ಇರುವುದು ನಿಜ, ಅದಕ್ಕೆ ಪೆಟ್ಟಾಗಬಾರದೆಂಬುದೂ ನಿಜ. ಆದರೆ ಅರ್ಹ ಕೋಚ್‌ನ ಕಣ್ಣೆದುರು, ಹದವಾದ ಭಾರದಲ್ಲಿ, ಸರಿಯಾದ ಭಂಗಿಯಲ್ಲಿ ಮಾಡುವ ವ್ಯಾಯಾಮದಿಂದ ಬೆಳವಣಿಗೆ ಕುಂಠಿತವಾಗುವುದಿಲ್ಲ ಎಂಬ ವಿಷಯದಲ್ಲಿ ಮಕ್ಕಳ ತಜ್ಞರಿಗೂ ಕ್ರೀಡಾ ತರಬೇತಿಯ ತಜ್ಞರಿಗೂ ಒಮ್ಮತವಿದೆ. ಚಿಕ್ಕ ಮಕ್ಕಳಿಗೆ ಜಿಮ್‌ನಲ್ಲಾಗುವ ಗಾಯಗಳಲ್ಲಿ ಹೆಚ್ಚಿನವು ಪಾದದ ಮೇಲೆ ಪ್ಲೇಟ್ ಬೀಳುವುದು, ಬೆರಳು ಸಿಕ್ಕಿಕೊಳ್ಳುವುದು ಮುಂತಾದ, ಹಿರಿಯರು ಹತ್ತಿರವಿದ್ದರೆ ತಪ್ಪಿಸಬಹುದಾದ ಅವಘಡಗಳು.

ನಿಜವಾಗಿ ಎಚ್ಚರ ಬೇಕಾದದ್ದು ಸರಸರನೆ ಎತ್ತರ ಏರುವ ಕಾಲದಲ್ಲಿ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 11–12ರ ಸುಮಾರಿಗೆ, ಹುಡುಗರಲ್ಲಿ 13–14ರ ಸುಮಾರಿಗೆ ಬರುತ್ತದೆ. ಮೂಳೆ ಮುಂದಾಗಿ ಬೆಳೆದು ಸ್ನಾಯು ಹಿಂದುಳಿಯುವ ಆ ತಿಂಗಳುಗಳಲ್ಲಿ, ನಿನ್ನೆಯವರೆಗೆ ಚೆನ್ನಾಗಿ ಹೆಜ್ಜೆ ಇಡುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ ಎಡವಟ್ಟಾಗುತ್ತಾನೆ, ಮೊಣಕಾಲ ಚಿಪ್ಪಿನ ಕೆಳಗೆ ನೋವೆನ್ನುತ್ತಾನೆ. ಅದನ್ನು ಸೋಮಾರಿತನವೆಂದು ಗದರದೆ ಜಿಗಿತಗಳನ್ನೂ ಭಾರವನ್ನೂ ಇಳಿಸಿ, ಭಂಗಿಯ ಅಭ್ಯಾಸವನ್ನು ಮಾತ್ರ ಮುಂದುವರಿಸಬೇಕು. ನೋವು ಉಳಿದರೆ ವೈದ್ಯರಿಗೆ ತೋರಿಸಬೇಕು.

ಮೊದಲ ಹಂತ: ಸ್ವಂತ ದೇಹದ ಭಾರ

ಗರಡಿಗಳಲ್ಲಿ ಹುಡುಗರಿಂದ ಮೊದಲು ದಂಡ, ಬಸ್ಕಿ ಹೊಡೆಸಿ, ಮೈ ಹದಕ್ಕೆ ಬಂದ ಮೇಲೆ ಗದೆ ಕೈಗೆ ಕೊಡುವ ಕ್ರಮದಲ್ಲಿ ಒಳ್ಳೆಯ ವಿವೇಕವಿದೆ. ಆದರೆ ದಿನಕ್ಕೆ ನೂರಾರು ಬಸ್ಕಿ ಹೊಡೆಯುವುದರಿಂದ ಒಂದು ಮಿತಿಯ ನಂತರ ಹೆಚ್ಚುವುದು ದಮ್ಮು, ಬಲವಲ್ಲ. ಬಾಕ್ಸರ್‌ಗೆ ದಮ್ಮು ಹಗ್ಗದಾಟ, ಓಟ ಮತ್ತು ಬ್ಯಾಗ್ ಅಭ್ಯಾಸದಲ್ಲಿ ಹೇಗೂ ಸಿಗುತ್ತದೆ. ಆದ್ದರಿಂದ ಸಂಖ್ಯೆಗಿಂತ ಗುಣಕ್ಕೆ ಗಮನ ಕೊಟ್ಟು, ಎರಡು ಮೂರು ತಿಂಗಳು ಹೀಗೆ ಮಾಡಿಸುವುದು ಸಾಕು: ಹಿಮ್ಮಡಿ ನೆಲಕ್ಕೆ ಊರಿಕೊಂಡೇ ಆಳವಾಗಿ ಕೂತೇಳುವ ಸ್ಕ್ವಾಟ್, ಮೈ ನೇರವಾಗಿಟ್ಟುಕೊಂಡ ಪುಷ್‌ಅಪ್, ಕಂಬಿಗೆ ಜೋತುಬಿದ್ದು ಮೈಯನ್ನು ಮೇಲೆಳೆಯುವ ಪುಲ್‌ಅಪ್, ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಿಸಿ ಕೆಳಗಿಳಿಯುವ ಲಂಜ್ ಮತ್ತು ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದಿಡುವ ಪ್ಲ್ಯಾಂಕ್. ಪುಲ್‌ಅಪ್ ಬಾರದವರು ಸೊಂಟದೆತ್ತರದ ಕಂಬಿಯ ಕೆಳಗೆ ಮಲಗಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ಎದೆಯನ್ನು ಕಂಬಿಗೆ ಎಳೆದುಕೊಳ್ಳಬಹುದು.

ಮೊಣಕಾಲು ಒಳಕ್ಕೆ ವಾಲದಂತೆ 20 ಸ್ಕ್ವಾಟ್, ಸೊಂಟ ಜೋಲದಂತೆ 15 ಪುಷ್‌ಅಪ್, ಅಲುಗಾಡದೆ 45 ಸೆಕೆಂಡ್ ಪ್ಲ್ಯಾಂಕ್ ಮಾಡಬಲ್ಲವರಿಗೆ ಭಾರ ಕೊಡಬಹುದು ಎಂಬುದು ನನ್ನ ಅಳತೆಗೋಲು. ವಯಸ್ಸನ್ನು ಅಳತೆಯಾಗಿ ಹಿಡಿಯುವುದಕ್ಕಿಂತ ಇದು ಮೇಲು, ಏಕೆಂದರೆ 14ರ ಇಬ್ಬರು ಮಕ್ಕಳ ಮೈ ಒಂದೇ ಹಂತದಲ್ಲಿರುವುದು ಅಪರೂಪ.

ಎರಡನೆಯ ಹಂತ: ಕೈಗೆ ಭಾರ

ಯಾವ ವ್ಯಾಯಾಮವನ್ನು ಆರಿಸಬೇಕೆಂಬುದನ್ನು ಹೊಡೆತವೇ ಹೇಳುತ್ತದೆ. ಹಿಂದಿನ ಕೈಯಿಂದ ನೇರವಾಗಿ ಹೊಡೆಯುವ ಕ್ರಾಸ್ ಹೊಡೆತದ ಬಲ ಹಿಂದಿನ ಕಾಲು ನೆಲವನ್ನು ಒದೆಯುವಲ್ಲಿ ಹುಟ್ಟಿ, ಸೊಂಟ ತಿರುಗುವಾಗ ಬೆಳೆದು, ಬಿಗಿಯಾದ ಹೊಟ್ಟೆ–ಬೆನ್ನಿನ ಮೂಲಕ ಭುಜಕ್ಕೆ ಹಾದು, ಕೊನೆಯಲ್ಲಿ ಮುಷ್ಟಿಯಿಂದ ಹೊರಬೀಳುತ್ತದೆ. ತೋಳಿನ ಪಾಲು ಬಲವನ್ನು ತಲುಪಿಸುವುದರಲ್ಲಿಯೇ ಹೆಚ್ಚು. ಹೀಗಾಗಿ ಕಾಲು, ಸೊಂಟ ಮತ್ತು ಬೆನ್ನಿನ ವ್ಯಾಯಾಮಗಳಿಗೆ ಅಗ್ರಸ್ಥಾನ. ಜೊತೆಗೆ, ಚಾಚಿದ ಕೈಯನ್ನು ಗಲ್ಲದ ಬಳಿಗೆ ಬೇಗ ಹಿಂತೆಗೆಯುವ ಕೆಲಸವೂ, ಸಾವಿರಾರು ಹೊಡೆತಗಳಿಂದ ಮುಂದಕ್ಕೆ ಬಾಗುವ ಭುಜವನ್ನು ಹಿಂದಕ್ಕೆ ಹಿಡಿಯುವ ಕೆಲಸವೂ ಬೆನ್ನಿನ ಮೇಲ್ಭಾಗದ್ದೇ ಆದ್ದರಿಂದ, ತಳ್ಳುವ ವ್ಯಾಯಾಮದ ಪ್ರತಿಯೊಂದು ಸೆಟ್‌ಗೆ (ಬಿಡುವಿಲ್ಲದೆ ಮಾಡುವ ಒಂದು ಸುತ್ತಿಗೆ) ಎಳೆಯುವ ಎರಡು ಸೆಟ್ ಇರಬೇಕು.

ವಾರಕ್ಕೆ ಎರಡು ದಿನ ಸಾಕು, ನಡುವೆ ಕನಿಷ್ಠ 48 ಗಂಟೆಗಳ ಬಿಡುವು ಬೇಕು. ಹತ್ತು ನಿಮಿಷ ಹಗ್ಗದಾಟ ಮತ್ತು ಕೀಲುಗಳನ್ನು ಸಡಿಲಿಸುವ ಚಲನೆಗಳಿಂದ ವಾರ್ಮ್‌ಅಪ್ ಮಾಡಿದ ಮೇಲೆ, ಮೈ ಇನ್ನೂ ತಾಜಾ ಇರುವಾಗಲೇ 2ರಿಂದ 3 ಕೆ.ಜಿ.ಯ ಮೆಡಿಸಿನ್ ಬಾಲನ್ನು (ವ್ಯಾಯಾಮದ ಭಾರದ ಚೆಂಡನ್ನು) ಬಾಕ್ಸಿಂಗ್ ನಿಲುವಿನಿಂದ ಸೊಂಟ ತಿರುಗಿಸಿ ಗೋಡೆಗೆ ಎಸೆಯಬೇಕು: ಪ್ರತಿ ಬದಿಗೆ ಐದರಂತೆ ಮೂರು ಸೆಟ್. ಎಸೆತದ ವೇಗ ಕುಗ್ಗಿದರೆ ಅಲ್ಲಿಗೇ ನಿಲ್ಲಿಸಬೇಕು. ಅನಂತರ ಮೊದಲ ದಿನ ಕೆಟಲ್‌ಬೆಲ್ಲನ್ನೋ (ಹಿಡಿಕೆಯಿರುವ ಕಬ್ಬಿಣದ ಗುಂಡು) ಡಂಬೆಲ್ಲನ್ನೋ ಎದೆಗೆ ಹಿಡಿದು ಸ್ಕ್ವಾಟ್, ಬೆಂಚಿನ ಮೇಲೆ ಒಂದು ಕೈಯೂರಿ ಡಂಬೆಲ್ಲನ್ನು ಸೊಂಟದ ಕಡೆಗೆ ಎಳೆಯುವ ರೋ, ಕೊನೆಗೆ ಪುಷ್‌ಅಪ್. ಎರಡನೆಯ ದಿನ ನೆಲದ ಮೇಲಿನ ಭಾರವನ್ನು ಹಿಡಿದು ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್, ಪುಲ್‌ಅಪ್, ನಿಂತು ಒಂದೇ ಕೈಯಲ್ಲಿ ಡಂಬೆಲ್ಲನ್ನು ತಲೆಯ ಮೇಲಕ್ಕೆ ಒತ್ತುವ ಪ್ರೆಸ್. ಸ್ಕ್ವಾಟ್, ಡೆಡ್‌ಲಿಫ್ಟ್ ಮತ್ತು ಎಳೆತಗಳಿಗೆ 8ರಿಂದ 10 ರೆಪ್‌ಗಳ (ಒಂದು ಸಲ ಮಾಡಿದರೆ ಒಂದು ರೆಪ್) ಎರಡು ಮೂರು ಸೆಟ್, ಪುಷ್‌ಅಪ್ ಮತ್ತು ಪ್ರೆಸ್‌ಗೆ ಒಂದೆರಡು ಸೆಟ್ ಸಾಕು. ಪುಲ್‌ಅಪ್‌ನಲ್ಲಿ ಮಾತ್ರ ಎಷ್ಟು ಬರುತ್ತದೋ ಅಷ್ಟು.

ಡೆಡ್‌ಲಿಫ್ಟ್ ಕಲಿಸುವಾಗ ಅವಸರ ಬೇಡ. ಮೊದಲು ಒಂದು ಕೋಲನ್ನು ಬೆನ್ನಿನುದ್ದಕ್ಕೂ ಹಿಡಿಸಿ, ಅದು ತಲೆ, ಬೆನ್ನಿನ ಮೇಲ್ಭಾಗ ಮತ್ತು ಟೊಂಕದ ಕೆಳಗಿನ ಮೂಳೆ ಈ ಮೂರಕ್ಕೂ ತಾಗಿದಂತೆಯೇ ಸೊಂಟದಿಂದ ಬಾಗುವುದನ್ನು ರೂಢಿಸಬೇಕು. ಪುರುಷರ ಒಲಿಂಪಿಕ್ ಬಾರ್ (ಪ್ಲೇಟ್‌ಗಳನ್ನು ಸಿಕ್ಕಿಸುವ ಕಂಬಿ) ಒಂದೇ 20 ಕೆ.ಜಿ., ಮಹಿಳೆಯರದು 15 ಕೆ.ಜಿ. ತೂಗುತ್ತದೆ ಎಂಬುದನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ, 40 ಕೆ.ಜಿ. ತೂಗುವ ಹುಡುಗನಿಗೆ ಖಾಲಿ ಬಾರ್ ಕೂಡ ಅವನ ಅರ್ಧ ತೂಕ. ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಸ್ಫೋಟಕ ಬಲಕ್ಕೆ ಅತ್ಯುತ್ತಮವಾದರೂ ಬಲ್ಲ ವೇಟ್‌ಲಿಫ್ಟಿಂಗ್ ಕೋಚ್ ಸಿಕ್ಕಿದರೆ ಮಾತ್ರ, ಅದೂ ಕೋಲಿನಿಂದಲೇ ಆರಂಭಿಸಿ ಕಲಿಯಬೇಕು. ಅಂಥವರು ಸಿಗದಿದ್ದರೆ ಮೆಡಿಸಿನ್ ಬಾಲ್ ಎಸೆತವೂ ಪೆಟ್ಟಿಗೆಯ ಮೇಲಿನ ಜಿಗಿತವೂ ಆ ಕೆಲಸದ ಬಹುಪಾಲನ್ನು ಮಾಡಿಕೊಡುತ್ತವೆ.

ಭಾರ ಎಷ್ಟಿರಬೇಕು? ಸೆಟ್ ಮುಗಿದಾಗ ಇನ್ನೂ ಎರಡು ಮೂರು ರೆಪ್ ಸರಿಯಾದ ಭಂಗಿಯಲ್ಲಿ ಮಾಡಬಹುದಿತ್ತು ಎನ್ನಿಸುವಷ್ಟು. ಎಲ್ಲ ಸೆಟ್‌ಗಳೂ ಸತತ ಎರಡು ವಾರ ಸಲೀಸಾಗಿ ಮುಗಿದರೆ ಶೇ. 5ರಷ್ಟು, ಹೆಚ್ಚೆಂದರೆ ಶೇ. 10ರಷ್ಟು ಏರಿಸಬೇಕು. ಒಂದೇ ಸಲಕ್ಕೆ ಗರಿಷ್ಠ ಎಷ್ಟು ಎತ್ತಬಲ್ಲೆ ಎಂಬ ಪಂದ್ಯ ಗೆಳೆಯರ ನಡುವೆ ಹುಟ್ಟುವುದು ಸಹಜ. ಅದನ್ನು ಕೋಚ್ ಮೊಳಕೆಯಲ್ಲೇ ಚಿವುಟಬೇಕು. ಉಸಿರು ಕಟ್ಟದೆ, ಎತ್ತುವಾಗ ಉಸಿರು ಬಿಡುವುದನ್ನು ಮೊದಲ ದಿನದಿಂದಲೇ ಕಲಿಸಬೇಕು.

ಕೊನೆಗೆ ಕುತ್ತಿಗೆಯ ಕೆಲಸ. ಅಂಗೈಯನ್ನು ಹಣೆಗೆ, ಹಿಂದಲೆಗೆ, ತಲೆಯ ಎರಡೂ ಬದಿಗಳಿಗೆ ಸರದಿಯಂತೆ ಒತ್ತಿ, ತಲೆ ಅಲುಗದಂತೆ 10 ಸೆಕೆಂಡ್ ತಡೆಹಿಡಿಯುವುದು ಸಾಕು. ತಲೆಯ ಮೇಲೆ ನಿಂತು ಕುತ್ತಿಗೆ ಹೊರಳಿಸುವ ಸೇತುವೆಯ ಭಂಗಿ ಎಳೆಯರಿಗೆ ಬೇಡ.

ಬಿಡಬೇಕಾದ ಎರಡು ಅಭ್ಯಾಸಗಳು

ಡಂಬೆಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ (ಎದುರಾಳಿಯಿಲ್ಲದೆ ಗಾಳಿಗೆ ಹೊಡೆಯುವ ಅಭ್ಯಾಸ) ಮಾಡಿದರೆ ಹೊಡೆತ ಬಿರುಸಾಗುತ್ತದೆಂದು ಇಂದಿಗೂ ಅನೇಕರು ನಂಬಿದ್ದಾರೆ. ಡಂಬೆಲ್ಲಿನ ಭಾರ ಎಳೆಯುವುದು ನೆಲದ ಕಡೆಗೆ, ಹೊಡೆತ ಸಾಗುವುದು ಎದುರಿಗೆ. ಹೀಗಾಗಿ ದಣಿಯುವುದು ಭುಜದ ಮುಂಭಾಗ ಮಾತ್ರ, ಕೆಡುವುದು ಹೊಡೆತದ ದಾರಿ. ಮೊಣಕೈಗೂ ಅದು ಒಳ್ಳೆಯದಲ್ಲ. ಇನ್ನೊಂದು, ಬೆಂಚ್ ಪ್ರೆಸ್ಸಿನ ಮೋಹ. ಅದನ್ನು ನಿಷೇಧಿಸಬೇಕೆಂದೇನೂ ಇಲ್ಲ, ಆದರೆ ಬೆನ್ನನ್ನು ಬೆಂಚಿಗೆ ಕೊಟ್ಟು ಮಲಗಿದಾಗ ಕಾಲು ಮತ್ತು ಸೊಂಟಕ್ಕೆ ಹೆಚ್ಚು ಕೆಲಸವಿರುವುದಿಲ್ಲ, ಎದೆ ಮಾತ್ರ ಬಿಗಿಯಾಗುತ್ತ ಹೋಗುತ್ತದೆ. ಪುಷ್‌ಅಪ್ ಸಾಲದೆ ಹೋಗುವ ದಿನ ಬಂದಾಗ ಯೋಚಿಸಿದರೆ ಸಾಕು.

ವಾರದಲ್ಲಿ ಎಲ್ಲಿ ಜೋಡಿಸಬೇಕು

ಸ್ಪಾರಿಂಗ್‌ಗೆ (ಜೊತೆಗಾರರೊಡನೆ ನಡೆಸುವ ಅಭ್ಯಾಸದ ಸೆಣಸಾಟಕ್ಕೆ) ಮೊದಲು ಭಾರದ ವ್ಯಾಯಾಮ ಮಾಡಿಸಲೇಬಾರದು. ದಣಿದ ಭುಜಕ್ಕೆ ಗಾರ್ಡ್ (ಮುಖದ ಮುಂದೆ ಕಾವಲಿಗೆ ಹಿಡಿಯುವ ಕೈಗಳನ್ನು) ಎತ್ತಿ ಹಿಡಿಯಲಾಗುವುದಿಲ್ಲ, ಗಾರ್ಡ್ ಇಳಿದರೆ ಪೆಟ್ಟು ಬೀಳುವುದು ತಲೆಗೆ. ಸ್ಪಾರಿಂಗ್ ಬುಧವಾರ ಮತ್ತು ಶನಿವಾರ ಇದ್ದರೆ ಭಾರದ ವ್ಯಾಯಾಮ ಸೋಮವಾರ ಮತ್ತು ಗುರುವಾರ ಇರಲಿ. ಒಂದೇ ದಿನ ಎರಡನ್ನೂ ಮಾಡಬೇಕಾದಾಗ ಬಾಕ್ಸಿಂಗ್ ಮೊದಲು, ಭಾರ ಆಮೇಲೆ. ವಾರದಲ್ಲಿ ಒಂದು ದಿನ ಪೂರ್ತಿ ವಿಶ್ರಾಂತಿ ಬೇಕು. ಪರೀಕ್ಷೆಯ ವಾರಗಳಲ್ಲಿ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿದರೂ ಗಳಿಸಿದ ಬಲ ಕರಗುವುದಿಲ್ಲ, ಆದ್ದರಿಂದ ಮಕ್ಕಳ ನಿದ್ದೆಯನ್ನು ಕತ್ತರಿಸಿ ಅಭ್ಯಾಸಕ್ಕೆ ಸಮಯ ಹೊಂದಿಸಬಾರದು.

ಊಟದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮುದ್ದೆ ಅಥವಾ ಅನ್ನದ ಜೊತೆ ಬೇಳೆ, ಮೊಳಕೆಕಾಳು, ಹಾಲು, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಮಾಂಸ ಸಿಕ್ಕರೆ ಡಬ್ಬಿಯ ಪ್ರೊಟೀನ್ ಪುಡಿಯ ಅಗತ್ಯ ಬೀಳುವುದಿಲ್ಲ. ಅಂಥ ಪುಡಿಗಳಲ್ಲಿ ನಿಷೇಧಿತ ವಸ್ತು ಬೆರೆತಿದ್ದರೆ, ಗೊತ್ತಿಲ್ಲದೆ ಸೇವಿಸಿದರೂ ಉದ್ದೀಪನ ಮದ್ದಿನ ನಿಯಮದ ಪ್ರಕಾರ ಹೊಣೆ ಕ್ರೀಡಾಪಟುವಿನದೇ. ಕೆಳಗಿನ ತೂಕದ ವರ್ಗಕ್ಕೆ ಇಳಿಯಲೆಂದು ಬೆಳೆಯುವ ಮಕ್ಕಳನ್ನು ಉಪವಾಸ ಕೆಡವುವುದು, ನೀರು ಬಿಡಿಸುವುದು, ಬೆವರಿಳಿಸಲು ಪ್ಲಾಸ್ಟಿಕ್ ಸೂಟ್ ತೊಡಿಸುವುದು ಸಲ್ಲದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ದಿನ 50 ಕೆ.ಜಿ.ಗಿಂತ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದ ಕುಸ್ತಿಪಟು ವಿನೇಶ್ ಫೋಗಟ್ ಅವರ ಹಿಂದೆ ಅನುಭವಿ ತಂಡವೇ ಇತ್ತು. ಜಿಲ್ಲಾ ಮಟ್ಟದ 15ರ ಹುಡುಗನನ್ನು ಆ ದಾರಿಗೆ ಹಚ್ಚುವ ಬದಲು ಅವನ ಸಹಜ ತೂಕದ ವರ್ಗದಲ್ಲೇ ಆಡಿಸಬೇಕು.

ಪಂದ್ಯಕ್ಕೆ ಮುನ್ನ ಭಾರದ ಕೊನೆಯ ಅಭ್ಯಾಸ ನಾಲ್ಕೈದು ದಿನ ಮೊದಲೇ ಮುಗಿಯಬೇಕು. ಆಮೇಲೆ ಚುರುಕುತನ ಉಳಿಸಿಕೊಳ್ಳಲು ಮೆಡಿಸಿನ್ ಬಾಲಿನ ಒಂದೆರಡು ಸೆಟ್ ಮಾತ್ರ. ಪಂದ್ಯದಲ್ಲಿ ತಲೆಗೆ ಬಲವಾದ ಪೆಟ್ಟು ಬಿದ್ದು ತಲೆನೋವು, ತಲೆಸುತ್ತು, ವಾಂತಿ ಅಥವಾ ಮಂಪರು ಕಾಣಿಸಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಭಾರ ಎತ್ತುವಾಗ ರಕ್ತದ ಒತ್ತಡ ಥಟ್ಟನೆ ಏರುವುದರಿಂದ, ವೈದ್ಯರು ಒಪ್ಪಿಗೆ ಕೊಡುವ ತನಕ ಬಾರ್ ಮುಟ್ಟಿಸಬಾರದು. ಮರಳಿ ಬಂದ ಮೇಲೆ ಹಿಂದೆ ಎತ್ತುತ್ತಿದ್ದ ಭಾರದ ಅರ್ಧದಿಂದ ಮತ್ತೆ ಆರಂಭಿಸಬೇಕು.