ಹೊಳೆಮತ್ತಿ ಚಕ್ಕೆ, ಹಾಲು ಮತ್ತು ನನ್ನ ಬಿಪಿ

ನನಗೆ ಬಿಪಿ ಇದೆ, ಮಾತ್ರೆ ನಡೆಯುತ್ತಿದೆ. ಜೊತೆಗೆ ಹೊಳೆಮತ್ತಿ ಚಕ್ಕೆಯ ಹಾಲು ಕಷಾಯ ಕುಡಿಯೋಣ ಅನ್ನಿಸಿದಾಗ ಮೊದಲು ಕೇಳಿದ್ದು ಡಾಕ್ಟರನ್ನೇ. ಬಿಪಿ ತೀರಾ ಇಳಿದೀತು, ದಿನಾ ನೋಡಿ ಬರೆದಿಡಿ ಅಂದರು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಂತೂ ಕೇಳದೆ ಶುರು ಮಾಡಲೇಬಾರದು.

ಹೊಳೆಮತ್ತಿ ಅಂದರೆ ಅರ್ಜುನ ಮರ. ಕಾವೇರಿ ದಂಡೆಯಲ್ಲಿ ಬಿಳಿಚಿಕೊಂಡ ದಪ್ಪ ಕಾಂಡದ ಮರಗಳು ನಿಂತಿರುತ್ತವಲ್ಲ, ಅವೇ. ಕಾಡಿನ ಕರಿಮತ್ತಿ ಬೇರೆ. ಅದರ ತೊಗಟೆ ಮೊಸಳೆ ಚರ್ಮದ ಹಾಗೆ ಒಡೆದಿರುತ್ತದೆ. ಹೊಳೆಮತ್ತಿಯದು ನುಣುಪು, ಹಾಳೆ ಹಾಳೆಯಾಗಿ ಕಳಚುತ್ತದೆ, ಒಳಗೆ ನಸುಗೆಂಪು. ಕಾಯಿಗೆ ಐದು ರೆಕ್ಕೆ. ಚಕ್ಕೆ ತೆಗೆಯುವಾಗ ಕಾಂಡದ ಸುತ್ತಲೂ ಸುಲಿದರೆ ಮರ ಸಾಯುತ್ತದೆ. ಒಂದು ಮಗ್ಗುಲಲ್ಲಿ ಉದ್ದಕ್ಕೆ ಸಣ್ಣ ಪಟ್ಟಿ ಸಾಕು, ಒಳಪದರ ಮುಟ್ಟಬಾರದು. ಅಭಯಾರಣ್ಯದ ಮರಕ್ಕಂತೂ ಕತ್ತಿ ಹಾಕುವಂತೆಯೇ ಇಲ್ಲ. ನಾನು ತಗೊಳ್ಳುವುದು ತೋಟದಂಚಿನ ಮರದಿಂದ.

ಕಷಾಯದ ಹಳೇ ಲೆಕ್ಕ ಹೀಗೆ: ಪುಡಿ ಒಂದು ಪಾಲು, ಹಾಲು ಎಂಟು, ನೀರು ಮೂವತ್ತೆರಡು. ಅಂದರೆ 5 ಗ್ರಾಂ ಪುಡಿಗೆ 40 ಮಿಲಿ ಹಾಲು, 160 ಮಿಲಿ ನೀರು. ಸಣ್ಣ ಉರಿಯಲ್ಲಿ ನೀರೆಲ್ಲ ಇಂಗಿ ಹಾಲಿನಷ್ಟೇ ಉಳಿಯಬೇಕು. ಅವಸರ ಮಾಡಿದರೆ ತಳ ಹಿಡಿಯುತ್ತದೆ. ಸೋಸಿದಾಗ ಬಣ್ಣ ಕೆಂಪುಗಂದು, ರುಚಿ ಒಗರು. ಆ ಒಗರು ಚಕ್ಕೆಯಲ್ಲಿರುವ ಟ್ಯಾನಿನ್‌ನದು. ನನಗೆ ಅದರಿಂದ ಮಲಬದ್ಧತೆಯೂ ಆಯಿತು, ನೀರು ಜಾಸ್ತಿ ಕುಡಿದ ಮೇಲೆ ಸರಿಹೋಯಿತು.

ಬರೆದಿಟ್ಟ ಅಂಕಿ ನೋಡಿದರೆ ಮೇಲಿನ ಬಿಪಿ ಸ್ವಲ್ಪ ಇಳಿದಿದೆ. ಮೆಟ್ಟಿಲು ಹತ್ತುವಾಗ ಎದೆ ಮೊದಲಿನಷ್ಟು ಹೊಡೆದುಕೊಳ್ಳುವುದಿಲ್ಲ. ಆದರೆ ಅದೇ ಹೊತ್ತಿಗೆ ಉಪ್ಪು ಕಮ್ಮಿ ಮಾಡಿ ದಿನಾ ನಡೆಯುವುದಕ್ಕೂ ಶುರು ಮಾಡಿದ್ದೆ. ಸುಮ್ನೆ ಎಲ್ಲ ಚಕ್ಕೆಯಿಂದಲೇ ಆಯಿತು ಅನ್ನುವುದು ನ್ಯಾಯ ಅಲ್ಲ, ಅಲ್ವಾ?

ಸಂಶೋಧನೆಗಳೂ ಒಂದೇ ಮಾತು ಹೇಳುವುದಿಲ್ಲ. 1995ರಲ್ಲಿ ಪ್ರಕಟವಾದ ಇಂದೋರಿನ ಒಂದು ಸಣ್ಣ ಅಧ್ಯಯನದಲ್ಲಿ, ಹೃದಯ ಸೋತ ರೋಗಿಗಳಿಗೆ 8 ಗಂಟೆಗೊಮ್ಮೆ 500 ಮಿಲಿಗ್ರಾಂ ಚಕ್ಕೆಯ ಸಾರ ಕೊಟ್ಟಾಗ ಸುಧಾರಣೆ ಕಂಡಿತ್ತು. 2016ರಲ್ಲಿ ಬಂದ ದೆಹಲಿ ಏಮ್ಸ್ ಅಧ್ಯಯನದಲ್ಲಿ 12 ವಾರ ಕೊಟ್ಟರೂ ಹೃದಯ ರಕ್ತ ತಳ್ಳುವ ಶಕ್ತಿ ಹೆಚ್ಚಲಿಲ್ಲ. ಎರಡರಲ್ಲೂ ರೋಗಿಗಳು ತಮ್ಮ ಮಾಮೂಲಿ ಮಾತ್ರೆ ಬಿಟ್ಟಿರಲಿಲ್ಲ. ನಾನೂ ಬಿಟ್ಟಿಲ್ಲ. ಎದೆ ಹಿಡಿದುಕೊಂಡರೆ, ಎಡಗೈ ಸೆಳೆದರೆ, ಬೆವರಿದರೆ ಕಷಾಯ ಕುದಿಸುತ್ತಾ ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.