ಯಂತ್ರದ ಪಕ್ಕ ಕುಳಿತು ನಕ್ಕದ್ದು

"ಟೀಚರ್, ಇಷ್ಟೆಲ್ಲ ಕಷ್ಟವಿದ್ದೂ ನಿಮಗೆ ನಗು ಎಲ್ಲಿಂದ ಬರುತ್ತದೆ?" ಎಂದು ನಮ್ಮ ಚರ್ಚಿನ ಸಭೆಯವರು ಕೇಳುತ್ತಾರೆ. ಮಂಗಳೂರಿನ ಬಲ್ಮಠದಲ್ಲಿ ಬಸ್ಸಿಗೆ ಕಾಯುವಾಗ ಸಿಗುವ ಹಳೆಯ ವಿದ್ಯಾರ್ಥಿಗಳೂ ಕೇಳುತ್ತಾರೆ. ಹುಟ್ಟುಗುಣ ಎಂದು ಹೇಳಿ ಮುಂದೆ ಹೋಗಬಹುದು, ಆದರೆ ಅದು ನಿಜವಲ್ಲ. ಈ ನಗುವನ್ನು ನಾನು ಕಲಿತದ್ದು, ಅದೂ ಕಾಯಿಲೆ ಬಂದ ಮೇಲೆ. ಕಷ್ಟದಲ್ಲಿರುವ ವಿಶ್ವಾಸಿಗಳಿಗೆ ಎಲ್ಲರಿಗಿಂತ ಮೊದಲು ಬಂದು ತಲುಪುವ ಸಲಹೆ ಬಹಳ ಸಲ ತಪ್ಪು ದಾರಿಯದ್ದಾಗಿರುತ್ತದೆ. ಆದ್ದರಿಂದ ನಾನು ಹಿಡಿದ ದಾರಿಯನ್ನು ಬರೆಯುತ್ತಿದ್ದೇನೆ.

ಕಾಯಿಲೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಸಕ್ಕರೆ ಕಾಯಿಲೆಯಿಂದ ಎರಡೂ ಮೂತ್ರಪಿಂಡಗಳು ಕೆಟ್ಟವು. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ಗಂಟೆ ಹೊತ್ತು ಡಯಾಲಿಸಿಸ್. ಎಡಗೈಯಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಅದಕ್ಕೆ ಎರಡು ಸೂಜಿ ಚುಚ್ಚುತ್ತಾರೆ; ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ ಮರಳುತ್ತದೆ. ಎಳನೀರು, ಬಾಳೆಹಣ್ಣು, ಹಲಸಿನ ಹಣ್ಣು ವರ್ಜ್ಯ, ಏಕೆಂದರೆ ಪೊಟ್ಯಾಸಿಯಂ ಏರಿದರೆ ಹೃದಯಕ್ಕೇ ಅಪಾಯ. ಉಪ್ಪು ತಿಂದರೆ ಬಾಯಾರುತ್ತದೆ ಎಂದು ಒಣಮೀನು, ಉಪ್ಪಿನಕಾಯಿಗಳನ್ನೂ ಬಿಟ್ಟಾಯಿತು. ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೆನೆಸಿ, ಬೇಯಿಸಿ, ನೀರು ಬಸಿದು ತಿನ್ನಬೇಕು. ಗಂಜಿ ಉಂಡು ಬೆಳೆದ ನಮಗೆ ಈಗ ಗಂಜಿಯ ತಿಳಿಯೂ ಲೆಕ್ಕದೊಳಗಿನ ನೀರು. ಇಡೀ ದಿನಕ್ಕೆ ಕುಡಿಯಬಹುದಾದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಯಲ್ಲಿ ತುಂಬಿಸಿಡುತ್ತೇನೆ. ಅದು ಮುಗಿದರೆ ಆ ದಿನದ ಪಾಲು ಮುಗಿಯಿತು.

ಸುದ್ದಿ ತಿಳಿದ ಕೂಡಲೇ ಮನೆಗೆ ಜನ ಬಂದರು. ಪ್ರೀತಿಯಿಂದಲೇ ಬಂದರು. ಆದರೆ ಹೇಳಿದ ಮಾತು ಹೆಚ್ಚುಕಡಿಮೆ ಒಂದೇ: ಅಳಬೇಡಿ, ವಿಶ್ವಾಸವಿದ್ದವರು ಅಳಬಾರದು, ಎಲ್ಲದಕ್ಕೂ ಸ್ತೋತ್ರ ಹೇಳಿ, ಸಂತೋಷವಾಗಿರಿ. ಬಾಗಿಲು ಮುಚ್ಚಿದ ಮೇಲೆ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡು ರೋಗದಲ್ಲಿ ನರಳಿದ ಯೋಬನ ಪುಸ್ತಕದಲ್ಲಿ, ಅವನ ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಡನೆ ನೆಲದ ಮೇಲೆ ಕುಳಿತರು ಎಂದಿದೆ. ಅವರು ಮಾಡಿದ ಅತ್ಯುತ್ತಮ ಕೆಲಸ ಅದೇ. ಬಾಯಿ ತೆರೆದ ಮೇಲೆಯೇ ಅನಾಹುತ ಶುರುವಾಯಿತು, ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾಗಬೇಕಾಯಿತು. ರೋಗಿಯನ್ನು ನೋಡಲು ಹೋಗುವ ಪ್ರತಿಯೊಬ್ಬರೂ ಹೊರಡುವ ಮೊದಲು ಯೋಬನ ಎರಡನೆಯ ಅಧ್ಯಾಯದ ಕೊನೆಯನ್ನು ಓದಿಕೊಂಡು ಹೋದರೆ ಎಷ್ಟು ಚೆನ್ನ!

ನಾನು ಹಿಡಿದದ್ದು ಹದಿಮೂರನೆಯ ಕೀರ್ತನೆಯನ್ನು. ಇರುವುದು ಆರೇ ವಚನ. ಮೊದಲ ಎರಡು ವಚನಗಳಲ್ಲಿ ನಾಲ್ಕು ಬಾರಿ ಒಂದೇ ಪ್ರಶ್ನೆ: ಎಷ್ಟರ ವರೆಗೆ? ನೀನು ನನ್ನನ್ನು ಮರೆತೇಬಿಟ್ಟೆಯಾ? ಎಷ್ಟರ ವರೆಗೆ ಮುಖ ಮರೆಸಿಕೊಂಡಿರುವೆ? ದಾವೀದನ ಹೆಸರಿನಲ್ಲಿರುವ ಈ ಪ್ರಾರ್ಥನೆಯಲ್ಲಿ ನಯವಿನಯದ ಪೀಠಿಕೆಯೇ ಇಲ್ಲ. ಕೊನೆಯ ವಚನ ಮಾತ್ರ ಹಾಡು. ಬೆಳಿಗ್ಗೆ ಬೇಗ ಎದ್ದು, ಮನೆಯವರು ಏಳುವ ಮೊದಲು, ಅದನ್ನು ಗಟ್ಟಿಯಾಗಿ ಓದತೊಡಗಿದೆ. ಗಟ್ಟಿಯಾಗಿಯೇ ಓದಬೇಕು, ಮನಸ್ಸಿನಲ್ಲೇ ಓದಿದರೆ ಕಣ್ಣು ಪ್ರಶ್ನೆಗಳನ್ನು ಹಾರಿಸಿ ಹಾಡಿಗೆ ಹೋಗಿಬಿಡುತ್ತದೆ. ಎಷ್ಟೋ ಬೆಳಿಗ್ಗೆ ನಾಲ್ಕನೆಯ ಪ್ರಶ್ನೆಯಲ್ಲೇ ಗಂಟಲು ಕಟ್ಟಿ ನಿಂತುಬಿಟ್ಟದ್ದಿದೆ. ಅಲ್ಲಿಯೇ ಅತ್ತೆ. ಆರನೆಯ ವಚನಕ್ಕೆ ಹೋಗಲೇಬೇಕೆಂಬ ಹಟ ಹಿಡಿಯಲಿಲ್ಲ. ಅತ್ತು ಮುಗಿದ ಮೇಲೆ ಎದೆಯಲ್ಲಿ ಸ್ವಲ್ಪ ಜಾಗ ತೆರವಾಗುತ್ತಿತ್ತು. ನಗು ಬಂದು ಕುಳಿತದ್ದು ಆ ಜಾಗದಲ್ಲಿ. ದುಃಖವನ್ನು ಒಳಗೆ ಅದುಮಿಟ್ಟು ಮೇಲೆ ನಗೆಯ ಮುಖ ಹೊತ್ತವರು ಎಷ್ಟು ಬೇಗ ಬಾಡಿಹೋಗುತ್ತಾರೆ ಎಂಬುದನ್ನು ಆಸ್ಪತ್ರೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಬಾಯಾರಿಕೆಯ ಬಗ್ಗೆ ಒಂದು ಮಾತು. ಏಪ್ರಿಲ್, ಮೇ ತಿಂಗಳ ಮಂಗಳೂರಿನ ಸೆಕೆ ಗೊತ್ತಿದ್ದವರಿಗೆ ಇದು ಅರ್ಥವಾದೀತು. ನಾಲಿಗೆ ಮೇಲ್ಬಾಯಿಗೆ ಅಂಟಿಕೊಂಡಿರುತ್ತದೆ. ಮಂಜುಗಡ್ಡೆಯ ಒಂದು ಚೂರನ್ನು ಬಾಯಲ್ಲಿಟ್ಟು ಕರಗಿಸುತ್ತಾ ಮಧ್ಯಾಹ್ನ ಕಳೆಯಬೇಕು. ನೀರಿನ ತೊರೆಗಾಗಿ ಬಾಯಾರಿದ ಜಿಂಕೆಯ ಕೀರ್ತನೆಯನ್ನು ನಾನು ಭಾನುವಾರ ಶಾಲೆಯ ಮಕ್ಕಳಿಗೆ ಎಷ್ಟೋ ವರ್ಷ ಬಾಯಿಪಾಠ ಮಾಡಿಸಿದವಳು. ಈಗ ಅದರ ಮೊದಲ ವಚನ ನನ್ನ ಗಂಟಲಿನಿಂದಲೇ ಹೊರಡುತ್ತದೆ. ಯೋಹಾನನ ಸುವಾರ್ತೆಯಲ್ಲಿ ಶಿಲುಬೆಯ ಮೇಲಿನ ಯೇಸು ತನಗೆ ನೀರಡಿಕೆಯಾಗಿದೆ ಎಂದು ಹೇಳುತ್ತಾನೆ. ಹಿಂದೆಲ್ಲ ಶುಭ ಶುಕ್ರವಾರ ನಾವು ಧ್ಯಾನಿಸುವ ಶಿಲುಬೆಯ ಏಳು ಮಾತುಗಳಲ್ಲಿ ಅದು ಚಿಕ್ಕದೆಂದು ಬೇಗ ದಾಟಿಹೋಗುತ್ತಿತ್ತು. ಈಗ ಉಳಿದ ಆರಕ್ಕಿಂತ ಅದೇ ನನಗೆ ಹತ್ತಿರ. ಬಾಯಾರಿದ ಕರ್ತನು ನನ್ನ ಪಕ್ಕದಲ್ಲಿದ್ದಾನೆ ಎಂಬ ಅರಿವಿನಿಂದ ಬಾಯಾರಿಕೆ ತೀರುವುದಿಲ್ಲ, ಆದರೆ ಅದರೊಳಗಿನ ಒಂಟಿತನ ಹೋಗುತ್ತದೆ. ಒಂಟಿತನ ಹೋದರೆ ಅರ್ಧ ಸಂತೋಷ ಬಂದಂತೆಯೇ.

ಇನ್ನು ನಗುವಿನ ಕಥೆ. ಯಂತ್ರದ ಪಕ್ಕ ನಾಲ್ಕು ಗಂಟೆ ಕೂರಬೇಕಾದಾಗ ಬೈಬಲನ್ನು ಇನ್ನೊಂದು ಕಣ್ಣಿನಿಂದ ಓದೋಣ ಎಂದುಕೊಂಡೆ: ಇದರಲ್ಲಿ ನಗು ಎಲ್ಲೆಲ್ಲಿದೆ? ಹುಡುಕಿದರೆ ಸಮೃದ್ಧವಾಗಿತ್ತು. ತೊಂಬತ್ತರ ಹತ್ತಿರದ ಸಾರಳು ಗುಡಾರದ ಬಾಗಿಲ ಹಿಂದೆ ನಿಂತು, ಮಗು ಹುಟ್ಟುತ್ತದೆ ಎಂಬ ಮಾತು ಕೇಳಿ ಒಳಗೊಳಗೇ ನಗುತ್ತಾಳೆ. ಸಿಕ್ಕಿಬಿದ್ದಾಗ ನಾನು ನಗಲಿಲ್ಲ ಎನ್ನುತ್ತಾಳೆ. ಇಲ್ಲ, ನೀನು ನಕ್ಕಿದ್ದು ನಿಜ ಎನ್ನುತ್ತಾನೆ ದೇವರು. ಅಷ್ಟೇ, ಶಿಕ್ಷೆಯಿಲ್ಲ. ಮಗು ಹುಟ್ಟಿದ ಮೇಲೆ ಅದೇ ಸಾರಳು ದೇವರು ನನ್ನನ್ನು ನಗಿಸಿದ್ದಾನೆ, ಕೇಳಿದವರೆಲ್ಲರೂ ನನ್ನೊಡನೆ ನಗುವರು ಎಂದು ಊರಿಗೇ ಸಾರುತ್ತಾಳೆ. ಸ್ವತಃ ಯೇಸುವೇ ಕಣ್ಣಿನಲ್ಲಿ ತೊಲೆ ಇಟ್ಟುಕೊಂಡು ಇನ್ನೊಬ್ಬನ ಕಣ್ಣಿನ ರವೆ ತೆಗೆಯಲು ಹೊರಟವನ ಚಿತ್ರ ಬರೆದವನು. ಸೊಳ್ಳೆಯನ್ನು ಸೋಸಿ ಒಂಟೆಯನ್ನು ನುಂಗುವವರ ಬಗ್ಗೆ ಹೇಳಿದವನು. ಅಂದಿನ ಜನ ಅದನ್ನು ಕೇಳಿ ಗಂಭೀರವಾಗಿ ತಲೆಯಾಡಿಸಿದರು ಎಂದು ನಾನು ನಂಬಲಾರೆ. ಖಂಡಿತ ನಕ್ಕಿರುತ್ತಾರೆ.

ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಇನ್ನೂ ಎರಡು ಪ್ರಸಂಗಗಳಿವೆ. ಪೇತ್ರನು ಸೆರೆಮನೆಯಲ್ಲಿದ್ದಾನೆ, ಮಾರ್ಕನ ತಾಯಿ ಮರಿಯಳ ಮನೆಯಲ್ಲಿ ಎಲ್ಲರೂ ಅವನಿಗಾಗಿ ಪ್ರಾರ್ಥಿಸುತ್ತಿದ್ದಾರೆ. ಬಿಡುಗಡೆಯಾದ ಪೇತ್ರನೇ ಬಂದು ಬಾಗಿಲು ತಟ್ಟುತ್ತಾನೆ. ರೋದೆ ಎಂಬ ಹುಡುಗಿ ಸ್ವರ ಗುರುತಿಸಿ, ಸಂತೋಷದ ಭರದಲ್ಲಿ ಬಾಗಿಲು ತೆರೆಯುವುದನ್ನೇ ಮರೆತು ಒಳಗೆ ಓಡುತ್ತಾಳೆ. ಪ್ರಾರ್ಥಿಸುತ್ತಿದ್ದವರೋ, ನಿನಗೆ ಹುಚ್ಚು ಹಿಡಿದಿದೆ ಎಂದು ಅವಳಿಗೇ ಹೇಳುತ್ತಾರೆ. ಬೀದಿಯಲ್ಲಿ ಪೇತ್ರ ತಟ್ಟುತ್ತಲೇ ಇದ್ದಾನೆ! ಇನ್ನೊಂದು ತ್ರೋವ ಎಂಬ ಊರಿನದ್ದು. ಪೌಲನ ಪ್ರಸಂಗ ಮಧ್ಯರಾತ್ರಿಯವರೆಗೆ ಸಾಗುತ್ತದೆ, ಕಿಟಕಿಯಲ್ಲಿ ಕುಳಿತ ಯೂತಿಖ ಎಂಬ ಯುವಕ ನಿದ್ದೆ ಹೋಗಿ ಮೂರನೆಯ ಅಂತಸ್ತಿನಿಂದ ಕೆಳಗೆ ಬೀಳುತ್ತಾನೆ. ಸತ್ತನೆಂದೇ ಎತ್ತುತ್ತಾರೆ; ಪೌಲ ಅವನನ್ನು ತಬ್ಬಿಕೊಂಡು ಜೀವವಿದೆ ಎನ್ನುತ್ತಾನೆ. ಆಮೇಲೆ ಏನು ಮಾಡುತ್ತಾನೆ? ಮತ್ತೆ ಮೇಲೆ ಹೋಗಿ, ರೊಟ್ಟಿ ಮುರಿದು ತಿಂದು, ಬೆಳಗಾಗುವವರೆಗೂ ಮಾತು ಮುಂದುವರಿಸುತ್ತಾನೆ.

ಈ ಕಥೆಯನ್ನು ನಾನು ಒಂದು ದಿನ ಡಯಾಲಿಸಿಸ್ ಕೋಣೆಯಲ್ಲಿ ಹೇಳಿದೆ. ನನ್ನ ಬಲಕ್ಕೆ ಸುರತ್ಕಲ್ ಕಡೆಯ ಅಕ್ಕ, ಎಡಕ್ಕೆ ಬಂದರಿನಲ್ಲಿ ದಿನಸಿ ವ್ಯಾಪಾರ ಮಾಡಿದ್ದ ಬ್ಯಾರಿ ಸಮುದಾಯದ ಹಿರಿಯರು. ನಾವೆಲ್ಲ ಅವರನ್ನು ಹಾಜಿಯವರೇ ಎಂದೇ ಕರೆಯುತ್ತಿದ್ದೆವು. ಕಥೆ ಮುಗಿದ ಮೇಲೆ ಹಾಜಿಯವರು ಸ್ವಲ್ಪ ಯೋಚಿಸಿ ಹೇಳಿದರು: "ಟೀಚರ್, ನಿದ್ದೆ ಮಾಡುವವರು ನಮ್ಮ ಮಸೀದಿಯಲ್ಲೂ ಇದ್ದಾರೆ. ಆದರೆ ನಾವು ನೆಲದ ಮೇಲೆ ಕೂರುತ್ತೇವೆ. ಬೀಳುವ ಹೆದರಿಕೆಯಿಲ್ಲ." ಸುರತ್ಕಲ್‌ನ ಅಕ್ಕ ನಗುವ ರಭಸಕ್ಕೆ ಅವರ ಕೈ ಅಲುಗಾಡಿ ಯಂತ್ರ ಕಿರುಚಿಕೊಂಡಿತು. ಸೂಜಿಯಿರುವ ಕೈ ಸ್ವಲ್ಪ ಮಡಚಿದರೂ ಒತ್ತಡ ಹೆಚ್ಚಾಗಿ ಯಂತ್ರ ಎಚ್ಚರಿಕೆಯ ಸದ್ದು ಮಾಡುತ್ತದೆ. ಸಿಸ್ಟರ್ ಓಡಿ ಬಂದು ಗದರಿಸಿದರು, ಕಾರಣ ಕೇಳಿದರು, ಕೇಳಿ ಅವರೂ ನಕ್ಕರು. ಅಂದು ಕೊನೆಯ ಗಂಟೆಯಲ್ಲಿ ಎಂದಿನಂತೆ ಕಾಲು ಸೆಳೆಯಿತು, ನೋವೂ ಕಡಿಮೆಯಿರಲಿಲ್ಲ. ಆದರೆ ಆ ನಾಲ್ಕು ಗಂಟೆ ನಮ್ಮನ್ನು ತಿನ್ನಲಿಲ್ಲ. ಅಂದಿನಿಂದ ಬುಧವಾರಕ್ಕೊಂದು ಕಥೆ ಎಂದಾಯಿತು. ನಾನು ಬೈಬಲಿನದ್ದು ಹೇಳಿದರೆ ಅಕ್ಕ ಯಕ್ಷಗಾನದ ಹಾಸ್ಯಗಾರರ ಮಾತುಗಳನ್ನು ಹೇಳುತ್ತಿದ್ದರು.

ನನ್ನ ಈ ಹುಡುಕಾಟದ ಬಗ್ಗೆ ಕೇಳಿ, ಬಲ್ಮಠದ ದೈವಜ್ಞಾನ ಕಾಲೇಜಿನಲ್ಲಿ ಓದಿದ ನಮ್ಮ ಸಭಾಪಾಲಕರು ಒಂದು ಹಳೆಯ ಸಂಗತಿ ತಿಳಿಸಿದರು. ಮಧ್ಯಯುಗದ ಜರ್ಮನ್ ನಾಡಿನಲ್ಲಿ, ಬವೇರಿಯಾದ ಕಡೆ, ಈಸ್ಟರ್ ದಿನ ಉಪದೇಶಕರು ಸಭೆಯನ್ನು ಬೇಕೆಂದೇ ನಗಿಸುತ್ತಿದ್ದರಂತೆ. ಕ್ರಿಸ್ತನು ಎದ್ದು ಬಂದದ್ದರಿಂದ ಮರಣವೇ ನಗೆಪಾಟಲಾಯಿತು, ನಾವು ನಗದೆ ಇರುವುದು ಹೇಗೆ ಎಂಬುದು ಅದರ ಒಳಗಿನ ಭಾವ. ಇದನ್ನು ಟೀಕಿಸಿ 1518ರಲ್ಲಿ ಬರೆದವರು ಎಕೊಲಂಪಾಡಿಯಸ್, ಮುಂದೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಚರ್ಚ್ ಸುಧಾರಣೆಯ ನಾಯಕರಾದವರು. ಒಬ್ಬ ಉಪದೇಶಕ ಕೋಗಿಲೆಯ ಹಾಗೆ ಕೂಗುತ್ತಿದ್ದನೆಂದು ಅವರು ದೂರಿದ್ದಾರೆ. ಅಶ್ಲೀಲ ಮಾತುಗಳು ಆರಾಧನೆಯೊಳಗೆ ನುಗ್ಗುತ್ತಿದ್ದವು ಎಂಬ ಅವರ ಆಕ್ಷೇಪ ಸರಿಯಾದದ್ದೇ. ಆದರೆ ಕೋಗಿಲೆಯ ಕೂಗಿನ ವಿಷಯದಲ್ಲಿ ನಾನು ಆ ಉಪದೇಶಕನ ಪಕ್ಷ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದದ್ದು ಅದೇ ಬಾಸೆಲ್‌ನ ಮಿಷನ್‌ನಿಂದ. ನನ್ನ ಅಜ್ಜ ದುಡಿದದ್ದು ಆ ಮಿಷನ್ ಜೆಪ್ಪುವಿನಲ್ಲಿ ನಡೆಸಿದ ಹಂಚಿನ ಕಾರ್ಖಾನೆಯಲ್ಲಿ. ದುಡಿಮೆ, ಶಿಸ್ತು, ಓದು, ಸಮಯಪಾಲನೆ ಎಲ್ಲವನ್ನೂ ನಾವು ಆ ಪರಂಪರೆಯಿಂದ ಪಡೆದೆವು. ಅದಕ್ಕೆ ನಾನು ಋಣಿ. ದೇವಾಲಯದೊಳಗೆ ಬಾಯಿ ತುಂಬ ನಗುವುದೊಂದನ್ನು ನಾವೇ ಈಗ ಸೇರಿಸಿಕೊಳ್ಳಬೇಕಾಗಿದೆ.

ಹಾಜಿಯವರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಒಂದು ಸೋಮವಾರ ಅವರ ಕುರ್ಚಿಯಲ್ಲಿ ಬೇರೊಬ್ಬರು ಕುಳಿತಿದ್ದರು, ನಾವು ಕೇಳುವ ಮೊದಲೇ ಸಿಸ್ಟರ್ ಮುಖ ತಿರುಗಿಸಿದರು. ಆ ವಾರ ನಾನು ಓದಿದ್ದು ಎಂಬತ್ತೆಂಟನೆಯ ಕೀರ್ತನೆಯನ್ನು. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗಾದರೂ ಸ್ತುತಿಗೆ ತಿರುಗುತ್ತವೆ, ಇದು ಕತ್ತಲಲ್ಲೇ ನಿಲ್ಲುತ್ತದೆ. ಅಂಥದ್ದೊಂದು ಪವಿತ್ರ ಗ್ರಂಥದಲ್ಲಿ ಇರಲು ಬಿಟ್ಟದ್ದಕ್ಕಾಗಿ ನಾನು ದೇವರಿಗೆ ಕೃತಜ್ಞಳು. ಬುಧವಾರದ ಕಥೆ ಕೆಲವು ಕಾಲ ನಿಂತಿತು. ಸುರತ್ಕಲ್‌ನ ಅಕ್ಕನೂ ನಾನೂ ಹಾಜಿಯವರ ಮನೆಗೆ ಹೋಗಿ ಬಂದೆವು. ಮಾತಾಡಲು ಹೋಗಲಿಲ್ಲ, ಸುಮ್ಮನೆ ಕುಳಿತೆವು. ಹೊರಡುವ ಹೊತ್ತಿಗೆ ಅವರ ಮಗಳು ಕಣ್ಣೊರೆಸಿಕೊಂಡು, ಕಿಟಕಿಯಿಂದ ಬಿದ್ದ ಹುಡುಗನ ಕಥೆ ಹೇಳಿದ ಟೀಚರ್ ನೀವೇ ಅಲ್ಲವೇ ಎಂದು ಕೇಳಿದಳು. ತಂದೆ ಅದನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರಂತೆ, ಪ್ರತಿ ಸಲ ಒಂದು ಅಂತಸ್ತು ಏರಿಸಿ. ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು, ನಮಗೂ ಬಂತು, ಅಳುವೂ ನಿಂತಿರಲಿಲ್ಲ. ಸಂತೋಷಪಡುವವರ ಸಂಗಡ ಸಂತೋಷಪಡಿರಿ, ಅಳುವವರ ಸಂಗಡ ಅಳಿರಿ ಎಂದು ಪೌಲ ರೋಮಾಪುರದವರಿಗೆ ಬರೆದ ಎರಡೂ ಅಪ್ಪಣೆಗಳು ಆ ಮನೆಯಲ್ಲಿ ಒಂದೇ ಗಳಿಗೆಯಲ್ಲಿ ನೆರವೇರಿದವು.

ದಿನಚರಿಯಲ್ಲಿ ನಾನು ಬಿಡದೆ ಮಾಡುವ ಇನ್ನೊಂದು ಕೆಲಸವಿದೆ. ಫಿಸ್ಟುಲಾ ಕೆಲಸ ಮಾಡುತ್ತಿದೆಯೇ ಎಂದು ದಿನವೂ ಮುಟ್ಟಿ ನೋಡಬೇಕೆಂದು ವೈದ್ಯರು ಹೇಳಿಕೊಡುತ್ತಾರೆ. ಬಲಗೈಯ ಬೆರಳುಗಳನ್ನು ಎಡಗೈಯ ಮೇಲಿಟ್ಟರೆ ಚರ್ಮದ ಕೆಳಗೆ ರಕ್ತ ಝುಮ್ಮೆಂದು ಹರಿಯುವುದು ತಿಳಿಯುತ್ತದೆ. ಆ ಕಂಪನ ನಿಂತರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಆರಂಭದಲ್ಲಿ ಪ್ರತಿ ಬೆಳಿಗ್ಗೆ ಅದನ್ನು ಮುಟ್ಟಲು ಭಯವಾಗುತ್ತಿತ್ತು. ಈಗ ಆ ಕಂಪನ ಬೆರಳಿಗೆ ಸಿಕ್ಕ ಕೂಡಲೇ ಒಂದು ಸಾಲು ಹಾಡುತ್ತೇನೆ, ಯಾವ ಕೀರ್ತನೆ ನಾಲಿಗೆಗೆ ಬರುತ್ತದೋ ಅದನ್ನು. ಕಾಯಿಲೆಯವರು ಈ ಬರಹವನ್ನು ಓದುತ್ತಿದ್ದರೆ ಇಷ್ಟನ್ನು ಮಾಡಿ ನೋಡಿ: ಹದಿಮೂರನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿ, ಅಳು ಬಂದರೆ ತಡೆಯಬೇಡಿ, ಆಮೇಲೆ ಯಾರಿಗಾದರೂ ಒಬ್ಬರಿಗೆ ಒಂದು ಕಥೆ ಹೇಳಿ. ಒಬ್ಬರೇ ನಗುವುದು ಕಷ್ಟ.

ಭಾನುವಾರ ನನ್ನ ದೇಹ ಎಲ್ಲಕ್ಕಿಂತ ಭಾರವಾಗಿರುವ ದಿನ, ಏಕೆಂದರೆ ಶುಕ್ರವಾರದ ನಂತರ ಸೋಮವಾರದವರೆಗೆ ಯಂತ್ರವಿಲ್ಲ. ಪಾದ ಊದಿರುತ್ತದೆ, ಉಸಿರು ಸಣ್ಣದಾಗಿರುತ್ತದೆ. ಗಾಯಕ ಮಂಡಳಿಯವರು ನಿಂತು ಹಾಡುವಾಗ ನನಗೊಂದು ಕುರ್ಚಿ ಹಾಕಿದ್ದಾರೆ. ಉದ್ದನೆಯ ಸಾಲನ್ನು ಒಂದೇ ಉಸಿರಿಗೆ ಮುಗಿಸಲಾಗದು. ನಾನು ನಿಲ್ಲಿಸಿದಲ್ಲಿ ಪಕ್ಕದವರ ಸ್ವರ ಮುಂದುವರಿಯುತ್ತದೆ, ಉಸಿರು ತೆಗೆದುಕೊಂಡು ಮತ್ತೆ ಸೇರಿಕೊಳ್ಳುತ್ತೇನೆ.

ಬರುವ ಈಸ್ಟರ್‌ಗೆ ಪ್ರಾತಃಕಾಲದ ಆರಾಧನೆಯ ನಂತರ ಭಾನುವಾರ ಶಾಲೆಯ ಮಕ್ಕಳಿಂದ ರೋದೆಯ ನಾಟಕ ಆಡಿಸಲು ಸಭಾಪಾಲಕರು ಒಪ್ಪಿದ್ದಾರೆ. ಮಾತುಗಳನ್ನು ನಾನೇ ಬರೆದುಕೊಟ್ಟಿದ್ದೇನೆ, ಶನಿವಾರ ಸಂಜೆ ಅಭ್ಯಾಸ. ಪೇತ್ರನಾದ ಹುಡುಗ ಕಂಡ ಕಂಡ ಬಾಗಿಲು, ಮೇಜು, ಬೆಂಚುಗಳನ್ನೆಲ್ಲ ತಟ್ಟುತ್ತಾ ತಿರುಗುತ್ತಿದ್ದಾನೆ. ರೋದೆಯ ಹುಡುಗಿಗೆ ಮಾತ್ರ ಬಾಗಿಲು ತೆರೆಯದೆ ಓಡುವುದು ಇನ್ನೂ ಬಂದಿಲ್ಲ. ಪಾಪ, ಹೊರಗೆ ನಿಂತವನನ್ನು ಹಾಗೆ ಬಿಟ್ಟುಹೋಗುವುದು ಹೇಗೆ ಎಂದು ಪ್ರತಿ ಸಲವೂ ತೆರೆದುಬಿಡುತ್ತಾಳೆ.