ಹೊಸ ಕಂಪ್ಯೂಟರಿಗೆ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಆರಿಸುವುದು ಹೇಗೆ?

ಕಂಪ್ಯೂಟರ್ ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳುವ ಪ್ರಶ್ನೆ ಒಂದೇ: 'ಬಜೆಟ್ ಎಷ್ಟು?' ಬಜೆಟ್ ಹೇಳಿ, ತೊಂದರೆ ಇಲ್ಲ. ಆದರೆ ಅದಕ್ಕಿಂತ ಮೊದಲು, ಮನೆಯಲ್ಲಿ ಯಾರು ಯಾವ ಕೆಲಸಕ್ಕೆ ಅದರ ಮುಂದೆ ಕೂರುತ್ತಾರೆ ಅಂತ ಹೇಳಿ. ದುಡ್ಡಿನ ಲೆಕ್ಕ ಮಾತ್ರ ಹೇಳಿದರೆ ಆ ದುಡ್ಡು ಮುಗಿಯುವಷ್ಟು ಸಾಮಾನು ಬರುತ್ತದೆ, ಅಷ್ಟೆ. ಅದರಲ್ಲೂ ಸುಮ್ನೆ ಪೋಲಾಗುವುದು ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಕೊಡುವ ದುಡ್ಡು. ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆಯ ಹೆಚ್ಚಿನ ಮನೆಗಳಿಗೆ ಆ ಕಾರ್ಡು ಬೇಕಾಗಿಯೇ ಇಲ್ಲ. ಲೆಕ್ಕಾಚಾರವೆಲ್ಲ ಮಾಡುವ ಮುಖ್ಯ ಚಿಪ್ ಆದ ಪ್ರೊಸೆಸರನ್ನು ನೋಡಿ ಆರಿಸಿದರೆ ಸಾಕು. ಕಾರ್ಡನ್ನು ನಿಜವಾಗಿ ಬೇಕಾದ ದಿನ ಹಾಕಿಸಿಕೊಳ್ಳಬಹುದು.

ಮೊದಲು ಕೆಲಸದ ಪಟ್ಟಿ

ಒಂದು ಚೀಟಿಯಲ್ಲಿ ಬರೆಯಿರಿ. ಮಕ್ಕಳ ಪಾಠ, ಆನ್‌ಲೈನ್ ಅರ್ಜಿ, ಬ್ಯಾಂಕಿನ ವ್ಯವಹಾರ, ಯೂಟ್ಯೂಬ್, ಅಡಿಕೆ ಲೆಕ್ಕದ ಎಕ್ಸೆಲ್ ಹಾಳೆ ಇಷ್ಟೇ ಆದರೆ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಧಾರಾಳ ಸಾಕು. ಮದುವೆ ಕಾಗದ, ಫ್ಲೆಕ್ಸ್ ಮಾಡಿಕೊಡುವವರು ಕೋರಲ್‌ಡ್ರಾ, ಫೋಟೊಶಾಪ್ ಬಳಸುತ್ತಾರೆ. ಅವರಿಗೂ ಕಾರ್ಡಿಗಿಂತ, ನಡೆಯುತ್ತಿರುವ ಕೆಲಸವನ್ನು ಆ ಹೊತ್ತಿಗೆ ಹಿಡಿದಿಡುವ ಮೆಮೊರಿ, ಅಂದರೆ ರ‍್ಯಾಮ್ ಮುಖ್ಯ. ಆಟೊಕ್ಯಾಡ್‌ನಲ್ಲಿ ಮನೆಯ ಪ್ಲಾನ್ ಬರೆಯುವ 2ಡಿ ಕೆಲಸವೂ ಹಾಗೆಯೇ.

ಶಾಲೆಗೆ ಹೋಗುವ ಮಕ್ಕಳಿದ್ದರೆ ಇದನ್ನು ಗಮನಿಸಿ. ಕೇರಳದ ಸರಕಾರಿ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದು ರಾಜ್ಯ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್‌ನವರು ಉಬುಂಟು ಆಧರಿಸಿ ಸಿದ್ಧಪಡಿಸಿದ, ವಿಂಡೋಸ್ ತರದ್ದೇ ಉಚಿತ ವ್ಯವಸ್ಥೆಯಾದ ಲಿನಕ್ಸ್‌ನಲ್ಲಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಕಲಿಯುವುದೂ ಅದರಲ್ಲೇ. ಜಿಂಪ್, ಇಂಕ್‌ಸ್ಕೇಪ್, ಜಿಯೋಜಿಬ್ರಾ, ಲಿಬ್ರೆ ಆಫೀಸ್ ಯಾವುದಕ್ಕೂ ಕಾರ್ಡ್ ಬೇಡ. ಮನೆಯಲ್ಲೂ ಅದೇ ಲಿನಕ್ಸ್ ಹಾಕಿಸುವ ಯೋಚನೆ ಇದ್ದರೆ ಕಾರ್ಡ್ ಇಲ್ಲದಿರುವುದೇ ಅನುಕೂಲ. ಇಂಟೆಲ್, ಎಎಂಡಿ ಗ್ರಾಫಿಕ್ಸನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಲಿನಕ್ಸ್ ಜೊತೆಗೇ ಬರುತ್ತದೆ. ಎನ್‌ವಿಡಿಯಾ ಕಾರ್ಡ್ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡಬೇಕಾದರೆ ಕಂಪನಿಯ ಡ್ರೈವರನ್ನು ಬೇರೆಯಾಗಿ ಹಾಕಬೇಕು. ಶಾಲೆಯ ಐಟಿ ಕ್ಲಬ್ ಆದ ಲಿಟ್ಲ್ ಕೈಟ್ಸ್ ಮಕ್ಕಳು 3ಡಿ ಚಿತ್ರ ಮಾಡುವ ಬ್ಲೆಂಡರ್ ಕಲಿಯುತ್ತಾರಲ್ಲ, ಆ ಹಂತದ ಸಣ್ಣ ಮಾದರಿಗಳೂ ಕಾರ್ಡ್ ಇಲ್ಲದೆ ಆಗುತ್ತವೆ. ಕೊನೆಯ ಚಿತ್ರ ತಯಾರಾಗುವುದಕ್ಕೆ (ರೆಂಡರ್) ಸ್ವಲ್ಪ ಹೊತ್ತು ಕಾಯಬೇಕು.

ಭಾರಿ ಆಟಗಳು, ವಿಡಿಯೊ ಎಡಿಟಿಂಗ್, ಎಐ ಕಲಿಕೆ, ದೊಡ್ಡ 3ಡಿ ಕೆಲಸ. ಇವುಗಳಲ್ಲಿ ಒಂದಾದರೂ ಚೀಟಿಯಲ್ಲಿದ್ದರೆ ಮಾತ್ರ ಕಾರ್ಡಿನ ಮಾತು.

ಪ್ರೊಸೆಸರಿನ ನಂಬರ್ ಓದುವುದು

'ಅದೇ ರೇಟಿಗೆ ಐ7 ಉಂಟು' ಅಂದ ಕೂಡಲೇ ಹೂಂ ಅನ್ನಬೇಡಿ. ಐ3, ಐ5, ಐ7 ಅನ್ನುವುದು ಅರ್ಧ ಹೆಸರು. ಮುಂದಿನ ನಂಬರಿನ ಮೊದಲ ಒಂದೆರಡು ಅಂಕಿಯಲ್ಲಿ ಅದು ಎಷ್ಟನೇ ತಲೆಮಾರಿನದ್ದು ಅಂತ ಇರುತ್ತದೆ. ಐ7-3770 ಅಂದರೆ 3ನೇ ತಲೆಮಾರು, 2012ರದ್ದು. ಐ3-12100 ಅಂದರೆ 12ನೇ ತಲೆಮಾರು, 2022ರದ್ದು. ಎರಡರಲ್ಲೂ 4 ಕೋರ್ (ಕೆಲಸ ಮಾಡುವ ಘಟಕ), 8 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಆದರೂ ಈ ಐ3 ಆ ಐ7 ಅನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಆಫೀಸುಗಳಿಂದ ಹೊರಬಿದ್ದ 3ನೇ, 4ನೇ ತಲೆಮಾರಿನ ಕಂಪ್ಯೂಟರಿಗೆ ಹೊಸ ಕ್ಯಾಬಿನೆಟ್ ಹಾಕಿ ಮಾರುವುದುಂಟು. ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನವು, ಒಂದೆರಡು ಬಿಟ್ಟರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಅಂಥದ್ದು ಎಷ್ಟು ಅಗ್ಗಕ್ಕೆ ಸಿಕ್ಕಿದರೂ ವಿಂಡೋಸ್ ಬೇಕಾದವರು ತೆಗೆದುಕೊಳ್ಳಬೇಡಿ.

ನಂಬರಿನ ಕೊನೆಯ ಅಕ್ಷರ ಇನ್ನೂ ಮುಖ್ಯ. ಇಂಟೆಲ್‌ನಲ್ಲಿ ಕೊನೆಗೆ 'ಎಫ್' ಇದ್ದರೆ ಒಳಗಿನ ಗ್ರಾಫಿಕ್ಸ್ ಕೆಲಸ ಮಾಡುವುದಿಲ್ಲ ಅಂತ ಅರ್ಥ. ಕಾರ್ಡ್ ಹಾಕದಿದ್ದರೆ ಪರದೆಯಲ್ಲಿ ಏನೂ ಕಾಣದು. 'ಕೆ' ಇದ್ದರೆ ವೇಗವನ್ನು ನಾವೇ ಏರಿಸಿಕೊಳ್ಳಬಹುದಾದ ಚಿಪ್, ಸಾಮಾನ್ಯ ಮನೆಗೆ ಬೇಡ. ಎಎಂಡಿಯಲ್ಲಿ ಸ್ವಲ್ಪ ಗೊಂದಲ ಜಾಸ್ತಿ. ರೈಜನ್ 5 5600ಜಿಯಲ್ಲಿ ಗ್ರಾಫಿಕ್ಸ್ ಉಂಟು, ಬರೀ 5600 ಅಥವಾ 5500ರಲ್ಲಿ ಇಲ್ಲ. 7600ರಲ್ಲಿ ಪರದೆ ತೋರಿಸುವಷ್ಟು ಸಣ್ಣದೊಂದು ಉಂಟು, 7500ಎಫ್‌ನಲ್ಲಿ ಅದೂ ಇಲ್ಲ. 8600ಜಿಯಲ್ಲಿರುವುದು ಇವೆಲ್ಲಕ್ಕಿಂತ ಬಲವಾದದ್ದು.

ನನ್ನ ಆಯ್ಕೆ ಕೇಳಿದರೆ, ಪಾಠಕ್ಕೂ ಆಫೀಸು ಕೆಲಸಕ್ಕೂ ಐ3-12100. ಇನ್ನೂ ಸ್ವಲ್ಪ ದುಡ್ಡು ಹಾಕಬಹುದಾದರೆ 6 ಕೋರಿನ ಐ5-12400. ಮಕ್ಕಳು ಸಂಜೆ ಆಟ ಆಡುವವರಾದರೆ 5600ಜಿ. ವ್ಯಾಲರಂಟ್, ಜಿಟಿಎ 5 ತರದ ಆಟಗಳು ಸೆಟ್ಟಿಂಗ್ ಇಳಿಸಿದರೆ ಅದರಲ್ಲಿ ಕಾರ್ಡ್ ಇಲ್ಲದೆಯೇ ಓಡುತ್ತವೆ. ಆದರೆ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ 16 ಜಿಬಿಯ ಒಂದು ಸ್ಟಿಕ್ ಬದಲು 8 ಜಿಬಿಯ ಎರಡು ಸ್ಟಿಕ್ ಹಾಕಿಸಿ. ಡಿಡಿಆರ್4-3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಬಲ್ಲದು, ಎರಡಾದರೆ 51.2. ಆಟದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ನಾಲ್ಕೈದು ವರ್ಷ ಕಳೆದ ಮೇಲೆ ಬೋರ್ಡ್ (ಎಲ್ಲ ಭಾಗಗಳೂ ಕೂರುವ ಹಲಗೆ) ಇಟ್ಟುಕೊಂಡು ಪ್ರೊಸೆಸರ್ ಮಾತ್ರ ಬದಲಿಸುವ ಆಸೆ ಇರುವವರು ಎಎಂಡಿಯ ಎಎಂ5 ಬೋರ್ಡ್ ನೋಡಿ. 2027ರ ವರೆಗಾದರೂ ಅದಕ್ಕೆ ಹೊಸ ಚಿಪ್ ಕೊಡುತ್ತೇವೆ ಅಂತ ಕಂಪನಿ ಹೇಳಿದೆ. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮೇ ಬೇಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ್ದು ಗೊತ್ತೇ ಇದೆ ಅಲ್ವಾ, ಆ ಲೆಕ್ಕವನ್ನೂ ಹಾಕಿಕೊಳ್ಳಿ.

ಒಂದು ಕೊಟೇಶನ್ ಬಿಡಿಸಿ ನೋಡೋಣ

'ಐ5 12400ಎಫ್, ಎಚ್610 ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, 4 ಜಿಬಿ ಗ್ರಾಫಿಕ್ಸ್, ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್.' ಇಂಥ ಚೀಟಿ ಓದುವಾಗ ಭರ್ಜರಿಯಾಗಿ ಕಾಣುತ್ತದೆ. (ಎಸ್‌ಎಂಪಿಎಸ್ ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ.)

'4 ಜಿಬಿ ಗ್ರಾಫಿಕ್ಸ್' ಅಂದರೆ ಯಾವ ಕಾರ್ಡು ಅಂತ ಕೇಳಿ. ಜಿಟಿ 730 ಅಂದರೆ ಅಲ್ಲೇ ನಿಲ್ಲಿಸಿ. ಅದು 2014ರ ಕಾರ್ಡು. ಹೆಚ್ಚಾಗಿ ಸಿಗುವುದು ನಿಧಾನದ ಡಿಡಿಆರ್3 ಮೆಮೊರಿಯದ್ದು, ಮಾಹಿತಿ ಸಾಗುವ ದಾರಿಯೂ 64 ಬಿಟ್‌ನಷ್ಟೇ ಅಗಲ. ದೊಡ್ಡ ಟ್ಯಾಂಕಿಗೆ ಅರ್ಧ ಇಂಚಿನ ಪೈಪ್ ಜೋಡಿಸಿ ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟ ಹಾಗೆ, 4 ಜಿಬಿ ಇದ್ದೂ ಉಪಯೋಗವಿಲ್ಲ. ಆ ಪೀಳಿಗೆಯ ಕಾರ್ಡುಗಳಿಗೆ ಆಟದ ಹೊಸ ಡ್ರೈವರ್ ಬರುವುದು 2021ರಲ್ಲೇ ನಿಂತಿದೆ. ಹಾಗಾದರೆ ಅದು ಚೀಟಿಯಲ್ಲಿ ಯಾಕೆ ಬಂತು? 12400ರ ಪಕ್ಕದ 'ಎಫ್' ನೋಡಿ. ಒಳಗೆ ಗ್ರಾಫಿಕ್ಸ್ ಇಲ್ಲದ ಚಿಪ್ ಹಾಕಿದ್ದಕ್ಕೆ ಪರದೆ ತೋರಿಸಲು ಯಾವುದಾದರೂ ಒಂದು ಕಾರ್ಡ್ ಬೇಕಾಯಿತು.

ಹೀಗೆ ತಿದ್ದಿಸಿ. 'ಎಫ್' ಇಲ್ಲದ 12400 ಹಾಕಿಸಿ, ಕಾರ್ಡ್ ತೆಗೆಸಿ. ಎಫ್ ಇಲ್ಲದ ಚಿಪ್ಪಿಗೆ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಸಾಮಾನ್ಯವಾಗಿ ಕಾರ್ಡಿನ ಬೆಲೆಯಷ್ಟು ಬೀಳುವುದಿಲ್ಲ. ಅದರೊಳಗಿನ ಯುಎಚ್‌ಡಿ 730 ಗ್ರಾಫಿಕ್ಸ್ ಯೂಟ್ಯೂಬಿನ ಹೊಸ ಎವಿ1 ವಿಧಾನದ ವಿಡಿಯೊವನ್ನೂ ಸಲೀಸಾಗಿ ತೋರಿಸುತ್ತದೆ. ಜಿಟಿ 730ರಿಂದ ಅದು ಆಗದು, ಆ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹಾರ್ಡ್ ಡಿಸ್ಕ್ ಬದಲು ಅದಕ್ಕಿಂತ ಎಷ್ಟೋ ವೇಗದ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ರ‍್ಯಾಮ್ 8ರ ಎರಡು ಸ್ಟಿಕ್. ದಿನನಿತ್ಯದ ಬಳಕೆಯಲ್ಲಿ ಈ ಕಂಪ್ಯೂಟರ್ ಮೊದಲಿನದಕ್ಕಿಂತ ಎಷ್ಟೋ ಚುರುಕು. ಎಚ್610 ಬೋರ್ಡಿನಲ್ಲಿ ಕಾರ್ಡಿನ ದೊಡ್ಡ ಸ್ಲಾಟ್ ಹೇಗೂ ಖಾಲಿ ಇರುತ್ತದೆ, ಮುಂದೆ ಬೇಕಾದರೆ ಹಾಕಬಹುದು.

ಕಾರ್ಡ್ ಬೇಕೇ ಬೇಕಾದರೆ

ಕಾರ್ಡಿನ ಹೆಸರು ಪೂರ್ತಿ ಬರೆಸಿಕೊಳ್ಳಿ. ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಾಮಾನು ಇರುತ್ತದೆ. ಆರ್‌ಟಿಎಕ್ಸ್ 3050 ಎಂಬುದು 8 ಜಿಬಿಯದ್ದು ಒಂದು, 6 ಜಿಬಿಯದ್ದು ಇನ್ನೊಂದು. ಕಡಿಮೆಯಾದದ್ದು ಮೆಮೊರಿ ಮಾತ್ರ ಅಂದುಕೊಳ್ಳಬೇಡಿ, 6 ಜಿಬಿಯದರ ಚಿಪ್ಪೂ ದುರ್ಬಲ. ಅದರ ಒಳ್ಳೆಯ ಗುಣವೆಂದರೆ 70 ವ್ಯಾಟ್ ಸಾಕು, ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಎಳೆಯಬೇಕಾಗಿಲ್ಲ. ಜಿಟಿ 1030 ಅಂತೂ ಇನ್ನೂ ಮೋಸ. ಜಿಡಿಡಿಆರ್5 ಇರುವುದು ಸೆಕೆಂಡಿಗೆ 48 ಜಿಬಿ ಸಾಗಿಸಿದರೆ, ಡಿಡಿಆರ್4 ಇರುವುದು 17 ಜಿಬಿಯ ಆಸುಪಾಸು. ಹೆಸರು ಮಾತ್ರ ಒಂದೇ.

ಫುಲ್ ಎಚ್‌ಡಿ ಮಾನಿಟರಿನಲ್ಲಿ ಆಟಕ್ಕೆ ಆರ್‌ಎಕ್ಸ್ 6600 ಅಥವಾ ಆರ್‌ಟಿಎಕ್ಸ್ 4060, 5060 ಸಾಕು. 6600 ಅಗ್ಗಕ್ಕೆ ಸಿಕ್ಕಿದರೆ ನಾನು ಅದನ್ನೇ ಹೇಳುತ್ತೇನೆ.

ಎಐ ಕಲಿಯುವ ಎಂಜಿನಿಯರಿಂಗ್ ಮಕ್ಕಳ ಲೆಕ್ಕ ಬೇರೆ. ಅವರ ಸಾಫ್ಟ್‌ವೇರ್ ಹೆಚ್ಚಿನವು ಎನ್‌ವಿಡಿಯಾದ ಕುಡಾ ಎಂಬ, ಕಾರ್ಡಿನಿಂದ ಲೆಕ್ಕ ಮಾಡಿಸುವ ತಂತ್ರಾಂಶವನ್ನು ನಂಬಿ ನಿಂತಿವೆ. ಅಲ್ಲಿ ವೇಗಕ್ಕಿಂತ ಮೊದಲು ಅಡ್ಡ ಬರುವುದು ಕಾರ್ಡಿನ ಮೆಮೊರಿ. ಎಐ ಮಾದರಿ (ಮಾಡೆಲ್) ಆ ಮೆಮೊರಿಯಲ್ಲಿ ಹಿಡಿಸದಿದ್ದರೆ ಕೆಲಸ ಶುರುವೇ ಆಗದು. ಅದಕ್ಕೇ 8 ಜಿಬಿಯ 4060ಕ್ಕಿಂತ 12 ಜಿಬಿಯ ಹಳೆಯ 3060 ಅವರಿಗೆ ಹೆಚ್ಚು ಉಪಕಾರಿ. ಈಗಷ್ಟೇ ಕಲಿಯಲು ಶುರು ಮಾಡಿದವರು, ನೆಟ್ ಮೂಲಕ ಗೂಗಲಿನ ಕಂಪ್ಯೂಟರನ್ನೇ ಬಳಸಲು ಕೊಡುವ ಗೂಗಲ್ ಕೊಲ್ಯಾಬ್‌ನ ಉಚಿತ ಸೌಲಭ್ಯದಲ್ಲಿ ಅಭ್ಯಾಸ ಮಾಡಿ, ಆಮೇಲೆ ಕಾರ್ಡಿನ ಯೋಚನೆ ಮಾಡಲಿ.

ಇನ್ನು ವಿಡಿಯೊ. ಯಕ್ಷಗಾನ, ಜಾತ್ರೆ, ಮದುವೆ ಶೂಟ್ ಮಾಡಿ ಮನೆಯಲ್ಲೇ ಎಡಿಟ್ ಮಾಡುವ ಹುಡುಗರು ನಮ್ಮಲ್ಲಿ ಬಹಳ. ರಾತ್ರಿ ಇಡೀ ನಡೆದ ಯಕ್ಷಗಾನ ಆಟದ ರೆಕಾರ್ಡಿಂಗ್ ಎಷ್ಟು ದೊಡ್ಡದಿರುತ್ತದೆ ಅಂತ ಅವರಿಗೆ ಗೊತ್ತು. ಅವರು ಕಾರ್ಡ್ ತೆಗೆದುಕೊಂಡರೂ 'ಎಫ್' ಇಲ್ಲದ ಇಂಟೆಲ್ ಚಿಪ್ಪೇ ತೆಗೆದುಕೊಳ್ಳಲಿ. ಈಗಿನ ಹಲವು ಕ್ಯಾಮರಾಗಳು ಬಣ್ಣದ ವಿವರ ಹೆಚ್ಚಿರುವ 10 ಬಿಟ್ 4:2:2 ಎಚ್‌ಇವಿಸಿ ಫೈಲ್ ಕೊಡುತ್ತವೆ. ಅದನ್ನು ಆರ್‌ಟಿಎಕ್ಸ್ 40 ಸರಣಿಯ ವರೆಗಿನ ಕಾರ್ಡುಗಳು ನೇರವಾಗಿ ಬಿಡಿಸಲಾರವು. 12ನೇ ತಲೆಮಾರಿನ ಇಂಟೆಲ್ ಒಳಗಿನ ಗ್ರಾಫಿಕ್ಸ್ ಬಿಡಿಸುತ್ತದೆ. ಟೈಮ್‌ಲೈನ್ ತಡವರಿಸದೆ ಓಡುವುದು ಅದರಿಂದಲೇ. ನೆಟ್ಟಿನಲ್ಲಿ ಲೈವ್ ಬಿಡುವವರಿಗೆ, ವಿಡಿಯೊವನ್ನು ಕುಗ್ಗಿಸಿ ಕೊಡುವ ಎನ್‌ವಿಡಿಯಾ ಕಾರ್ಡಿನ ಎನ್‌ಕೋಡರ್ ಚೆನ್ನಾಗಿ ಒದಗುತ್ತದೆ, ಪ್ರೊಸೆಸರಿನ ಮೇಲೆ ಭಾರ ಬೀಳುವುದಿಲ್ಲ.

ಕರೆಂಟಿನ ಲೆಕ್ಕ

ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ '450 ವ್ಯಾಟ್' ಅಂತ ಬರೆದಿದ್ದರೂ ಅದನ್ನು ನಂಬಿ ಕಾರ್ಡ್ ಹಾಕಬೇಡಿ. 4060 ತಿನ್ನುವುದು 115 ವ್ಯಾಟ್, 3060 ತಿನ್ನುವುದು 170. ಎರಡಕ್ಕೂ ಕಂಪನಿ ಹೇಳುವುದು 550 ವ್ಯಾಟಿನ ಎಸ್‌ಎಂಪಿಎಸ್. ಕರೆಂಟ್ ಕಡಿಮೆ ಪೋಲು ಮಾಡುತ್ತದೆ ಅನ್ನುವ 80 ಪ್ಲಸ್ ಗುರುತು ಇರುವುದನ್ನೇ ಕೇಳಿ. ಪಕ್ಕದ ಲೇಬಲ್‌ನಲ್ಲಿ 'ಇನ್‌ಪುಟ್' ಸಾಲನ್ನೂ ಓದಿ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ. 100ರಿಂದ 240 ವೋಲ್ಟ್ ಅಂತ ಇರುವ ಎಸ್‌ಎಂಪಿಎಸ್ ಅದನ್ನು ತಡೆದುಕೊಳ್ಳುತ್ತದೆ.

ಸಾಮಾನ್ಯ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಅದು ಸಾಕು. ಕಾರ್ಡ್ ಹಾಕಿ ಆಟ ಆಡುವಾಗ ಕರೆಂಟ್ ಹೋದರೆ, ಬ್ಯಾಟರಿ ಸ್ವಲ್ಪ ಹಳೆಯದಾಗಿದ್ದರೂ ಎಲ್ಲ ಒಟ್ಟಿಗೆ ಆಫ್ ಆಗುತ್ತದೆ. ಕಾರ್ಡಿನವರು 1000 ವಿಎ ತೆಗೆದುಕೊಳ್ಳಿ. ಮೇ ಮತ್ತು ಅಕ್ಟೋಬರ್ ತಿಂಗಳ ಗುಡುಗಿಗೆ ಮಾತ್ರ ಪ್ಲಗ್ ಕಿತ್ತಿಡುವುದೇ ದಾರಿ. ನೆಟ್ಟಿನ ಲ್ಯಾನ್ ವೈರನ್ನೂ ಕಿತ್ತಿಡಿ. ಫೈಬರ್ ಇದ್ದರೂ ಮೋಡೆಮ್ ಕರೆಂಟಿನಲ್ಲೇ ಇರುತ್ತದಲ್ಲ, ಹೊಡೆತ ಆ ದಾರಿಯಿಂದ ಬರಬಹುದು.

ಕಾಸರಗೋಡೋ ಮಂಗಳೂರೋ?

ಜಿಎಸ್‌ಟಿ ಎರಡೂ ಕಡೆ 18 ಶೇಕಡಾ, ತಲಪಾಡಿ ಗಡಿ ದಾಟಿದ್ದಕ್ಕೆ ತೆರಿಗೆ ಕಡಿಮೆಯಾಗುವುದಿಲ್ಲ. ಮಂಗಳೂರಿನಲ್ಲಿ ಆಯ್ಕೆ ಜಾಸ್ತಿ. ಹತ್ತಿರದ ಅಂಗಡಿಯಾದರೆ ಏನಾದರೂ ಕೆಟ್ಟಾಗ ಓಡಾಟ ಕಡಿಮೆ. ಎರಡೂ ಕಡೆ ಬರೆಸಿ ತಂದು ಹೋಲಿಸಿ. ಪ್ರೊಸೆಸರ್ ಬಾಕ್ಸ್ ಸಮೇತ ಕೇಳಿ. ಬಾಕ್ಸ್ ಚಿಪ್ಪಿಗೆ ಕಂಪನಿಯದೇ 3 ವರ್ಷದ ವಾರಂಟಿ ಉಂಟು, ಬಾಕ್ಸ್ ಇಲ್ಲದ ಟ್ರೇ ಚಿಪ್ಪಿಗೆ ಮಾರುವವರ ಮಾತೇ ಆಧಾರ. ಬಿಲ್ಲಿನಲ್ಲಿ ಪ್ರತಿಯೊಂದರ ಸೀರಿಯಲ್ ನಂಬರ್ ಬರೆಸಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಆದರೆ ಅರ್ಧ ಗಂಟೆ ನಿಮ್ಮೆದುರು ಆಟ ಓಡಿಸಿ ತೋರಿಸಲು ಹೇಳಿ.

ಅಂಗಡಿಯಿಂದ ಹೊರಡುವ ಮೊದಲು

ಕಂಪ್ಯೂಟರ್ ಆನ್ ಮಾಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟ ನೋಡಿ. ಪ್ರೊಸೆಸರಿನ ಪೂರ್ತಿ ಹೆಸರು, ಕಾರ್ಡಿನ ಹೆಸರು, ರ‍್ಯಾಮ್ ಎಷ್ಟು ಸ್ಲಾಟಿನಲ್ಲಿದೆ, ಅದರ ವೇಗ ಎಷ್ಟು, ಎಲ್ಲ ಅಲ್ಲಿ ಕಾಣುತ್ತದೆ. 3200ರ ರ‍್ಯಾಮ್ 2400 ಅಥವಾ 2666 ತೋರಿಸಿದರೆ, ಪೂರ್ತಿ ವೇಗ ಬರಲು ಬೋರ್ಡಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿಸಿ.

ಕಾರ್ಡ್ ಹಾಕಿಸಿದ್ದರೆ ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡಿ. ಅಲ್ಲಿ ಎರಡು ಕಡೆ ಎಚ್‌ಡಿಎಂಐ ಕಿಂಡಿ ಇರುತ್ತದೆ. ಮೇಲೆ ಯುಎಸ್‌ಬಿ ಕಿಂಡಿಗಳ ಸಾಲಿನಲ್ಲಿರುವುದು ಬೋರ್ಡಿನದ್ದು. ಅದರ ಕೆಳಗೆ ಅಡ್ಡಕ್ಕೆ ಇರುವುದು ಕಾರ್ಡಿನದ್ದು. ಮಾನಿಟರ್ ವೈರನ್ನು ಕೆಳಗಿನದಕ್ಕೆ ಸಿಕ್ಕಿಸಬೇಕು. ಮೇಲಿನದಕ್ಕೆ ಹಾಕಿದರೆ ಕಾರ್ಡಿಗೆ ಕೊಟ್ಟ ದುಡ್ಡಿನ ಪೂರ್ತಿ ಫಲ ಆಟದಲ್ಲಿ ಸಿಗುವುದಿಲ್ಲ. 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ತೆಗೆದುಕೊಂಡಿದ್ದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೂ ಹೋಗಿ. ವಿಂಡೋಸ್ ಅದನ್ನು 60ರಲ್ಲೇ ಬಿಟ್ಟಿರುವುದುಂಟು. ಅಲ್ಲೇ 144 ಮಾಡಿಸಿ, ಆಮೇಲೆ ಪ್ಯಾಕ್ ಮಾಡಲು ಹೇಳಿ.